ಹದಿನಾಲ್ಕನೇ ಮಣೆ

ಅಜ್ಮಾನಿನ ಮೀನುಕಟ್ಟೆಯಲ್ಲಿ
ಹದಿನಾಲ್ಕನೇ ಮಣೆ ನನ್ನದು.
ಕಿಲೋಗೆ ಎರಡು ದಿರ್ಹಮ್, ಅದರಲ್ಲಿ ಅರ್ಧ ಕಫೀಲನಿಗೆ.
ಹುರುಪೆ ಹೆರೆದು, ಕಿವಿರು ಕಿತ್ತು, ಹೊಟ್ಟೆ ಬಗೆದು
ಚೀಲ ಕಟ್ಟಿ ಕೊಡುವುದು. ಇಪ್ಪತ್ತೊಂದು ವರ್ಷ.

ಬಾಯಿಬಿಟ್ಟು ಕೇಳುವುದಿಲ್ಲ ಯಾರನ್ನೂ.
ಚೀಲ ಚಾಚಿದ ಕೈ ನೋಡಿದರೆ ಸಾಕು:
ಮಲಪ್ಪುರಂನವನಿಗೆ ಸಾರಿನ ತುಂಡು,
ಚಿತ್ತಗಾಂಗಿನವನಿಗೆ ತಲೆ ಬೇಕು, ಅದೇ ಮುಖ್ಯ,
ಮಸ್ರಿಗೆ ಬೆನ್ನು ಸೀಳಿ ಪುಸ್ತಕದ ಹಾಗೆ ಬಿಚ್ಚಿ,
ನಮ್ಮ ಮಲ್ಪೆ ಕಡೆಯವರಾದರೆ
ಅಂಜಲ್ ಕಿರುಬೆರಳ ದಪ್ಪ,
ಮೊಟ್ಟೆ ಸಿಕ್ಕರೆ ಒಡೆಯದೆ ಪಕ್ಕಕ್ಕೆ.

ಜನವರಿಯಲ್ಲಿ ಕಂಪನಿಯ ಹುಡುಗಿ ಬಂದಳು, ಹದೀಲ್,
ಜೋರ್ಡಾನಿನವಳು, ವಾಸನೆಗೆ ಮೂಗು ಮುಚ್ಚಿಕೊಂಡು.
ನನ್ನ ಕೈಗೊಂದು ಗವಸು ತೊಡಿಸಿದಳು,
ಗಿಣ್ಣು ಗಿಣ್ಣಿಗೂ ತಂತಿ. ಹಣೆಗೆ ಕ್ಯಾಮೆರಾ.
"ಬೇರೇನೂ ಮಾಡಬೇಡ ಅಂಕಲ್,
ದಿನಾ ಮಾಡುವಷ್ಟೇ ಮಾಡು."
ಗಂಟೆಗೆ ನಲವತ್ತು ದಿರ್ಹಮ್.

ರಾತ್ರಿ ಬಂಕಿನ ಮೇಲೆ ಮಲಗಿ ಲೆಕ್ಕ ಹಾಕಿದೆ.
ಮೀನು ಕೊಯ್ದರೆ ಗಂಟೆಗೆ ಹನ್ನೆರಡು.
ಕೊಯ್ಯುವುದು ಹೇಗೆಂದು ತೋರಿಸಿದರೆ ನಲವತ್ತು.
ಕೆಲಸಕ್ಕಿಂತ ಕೆಲಸದ ನೆರಳಿಗೆ ರೇಟು ಹೆಚ್ಚು.
ಕೆಳಗಿನ ಬಂಕಿನಿಂದ ಮೊಫಿಜುಲ್ ಅಂದ:
"ಕಾಳು ಜಾಸ್ತಿ ಬಿದ್ದ ದಿನ ಯಾವುದೆಂದು
ಕೋಳಿಗೆ ಗೊತ್ತಿರಲ್ಲ, ದಾದಾ."
ಖಲ್ಲಿ ವಲ್ಲಿ ಅಂದೆ. ನಿದ್ದೆ ಬರಲಿಲ್ಲ.
ಊರಿಗೆ ಮಾತ್ರ ಹೆಚ್ಚು ಕಳಿಸಿದೆ ಆ ತಿಂಗಳು;
ತಂಗಿ ಫೋನಿನಲ್ಲಿ ಕೇಳಿದಳು, ಲಾಟರಿಯಾ?

ಹದೀಲ್ ಪರದೆ ನೋಡಿ ಪ್ರಶ್ನೆ ಕೇಳುವಳು.
"ಇಲ್ಲಿ ಕೈ ಯಾಕೆ ನಿಂತಿತು?"
ಮುಳ್ಳು ಸಿಕ್ಕಿತು. ಬರೆದುಕೊಂಡಳು.
"ಇಲ್ಲಿ?" ಚೂರಿ ಮೊಂಡಾಗಿತ್ತು. ಬರೆದುಕೊಂಡಳು.
"ಇಲ್ಲಿ? ಪೂರಾ ಮೂರು ಸೆಕೆಂಡು."
ನೆನಪಿಸಿಕೊಂಡೆ. ಆ ಮುದುಕ,
ವಾರವಾರ ಎರಡು ಹಮೂರ್ ತರುತ್ತಿದ್ದವ,
ಅವತ್ತು ಒಂದೇ ತಂದಿದ್ದ, ಅದೂ ಚಿಕ್ಕದು.
ಕೇಳಲೋ ಬೇಡವೋ ಅಂತ ನಿಂತದ್ದು.
"ಅದಾ," ಅಂದಳು, "ಅದು ಬರೀ ಸದ್ದು. ತೆಗೆಯಬಹುದು."
ತೆಗೆದಳು, ನನ್ನೆದುರೇ, ಒಂದು ಬೆರಳಲ್ಲಿ.

ಕೆಟ್ಟವಳಲ್ಲ. ಒಮ್ಮೆ ಖರ್ಜೂರ ಕೊಡುತ್ತ ಅಂದಿದ್ದಳು,
"ನನ್ನ ಕೆಲಸವನ್ನೂ ಕಲಿಯುತ್ತಿದೆ ಇದು."

ಈಗ ಗಾಜಿನ ಗೂಡೊಳಗೆ ಎರಡು ಉಕ್ಕಿನ ತೋಳು,
ಮುಂದೆ ಒಂಬತ್ತು ಗುಂಡಿ, ಕಿಲೋಗೆ ಐವತ್ತು ಫಿಲ್ಸ್.
ಚಂದ ಕೊಯ್ಯುತ್ತದೆ, ಸುಳ್ಳು ಹೇಳಬಾರದು.
ನನಗಿಂತ ಹದವಾಗಿ.
ಕ್ಯಾಂಪಿನ ಗೋಡೆಯಲ್ಲಿ ಇನ್ನೂ ಇದೆ ಆ ಹಳೆಯ ಪಟ್ಟಿ:
ಹೆಬ್ಬೆರಳು ಹೋದರೆ ಇಷ್ಟು, ತೋರುಬೆರಳಿಗೆ ಇಷ್ಟು,
ಕಿರುಬೆರಳಿಗೆ ಕಡಿಮೆ.
ಹತ್ತೂ ನೆಟ್ಟಗಿದ್ದು
ಅವುಗಳ ಕೆಲಸವಷ್ಟೇ ಹೋದರೆ ಎಷ್ಟು,
ಆ ಸಾಲು ಯಾರೂ ಬರೆದಿಲ್ಲ.

ಹನ್ನೊಂದು ಮಣೆ ಎತ್ತಿದರು. ಮೊಫಿಜುಲ್ ಊರಿಗೆ ಹೋದ.
ನನಗೆ ಗಾಜು ಒರೆಸುವ ಕೆಲಸ, ವೀಸಾ ಮುಗಿಯುವವರೆಗೆ.

ಒಂದು ಮಾತು ಮಾತ್ರ ನಿಜ ಹೇಳಿರಲಿಲ್ಲ.
ಪ್ರತಿ ಮೀನು ಮುಗಿದ ಮೇಲೆ
ಚೂರಿಯ ಬೆನ್ನಿನಿಂದ ಮಣೆಗೆ ಬಡಿಯುತ್ತಿದ್ದೆ,
ಟಕ್ ಟಕ್, ಎರಡು ಸಲ.
ಮಣೆಯಡಿಯ ಕುಂಟು ಬೆಕ್ಕಿಗೆ ಕರೆ ಅದು:
ಬಾ, ಕರುಳು ಬೀಳುತ್ತದೆ.
ಹದೀಲ್ ಕೇಳಿದಾಗ "ಹುರುಪೆ ಉದುರಲಿಕ್ಕೆ" ಅಂದೆ;
ಬೆಕ್ಕಿಗೆ ಪರವಾನಗಿಯಿಲ್ಲ ನೋಡಿ.
ಅದನ್ನೂ ಬರೆದುಕೊಂಡಿದ್ದಳು.

ಈಗ ಯಂತ್ರವೂ ಬಡಿಯುತ್ತದೆ.
ನೂರು ಮೀನಿಗೆ ನೂರು ಸಲ, ಟಕ್ ಟಕ್,
ಸೊಹಾರಿನಲ್ಲಿ, ದಮ್ಮಾಮಿನಲ್ಲಿ,
ನನ್ನ ಕೈ ಎಲ್ಲೆಲ್ಲಿ ಮಾರಾಟವಾಗಿದೆಯೋ ಅಲ್ಲೆಲ್ಲ,
ಯಾಕೆಂದು ಯಾರಿಗೂ ಗೊತ್ತಿಲ್ಲದೆ.

ನಿನ್ನೆ ಮಧ್ಯಾಹ್ನ ಕುಂಟಿ ಬಂತು.
ಗಾಜಿನ ಹೊರಗೆ ಕೂತು ಮೇಲೆ ನೋಡಿತು.
ಟಕ್ ಟಕ್. ಕರುಳು ಒಳಗೊಳಗೇ ಕೊಳವೆಗೆ ಜಾರಿತು.
ಟಕ್ ಟಕ್. ಬಾಲ ಸುತ್ತಿಕೊಂಡು ಕಾದಿತು.
ಆಮೇಲೆ ತಿರುಗಿ ನನ್ನನ್ನು ನೋಡಿತು,
ಒದ್ದೆ ಬಟ್ಟೆ ಹಿಡಿದು ನಿಂತವನನ್ನು,
ಇವನಿಗೇನಾಗಿದೆ ಎಂಬಂತೆ.